ಓಸ್ತಿಯಮ್ಮನ ಎರಡು ಡಬ್ಬಿಗಳು

ನಾನು ಈ ಮನೆಗೆ ಸೊಸೆಯಾಗಿ ಬಂದ ಮಾರನೆಯ ಬೆಳಿಗ್ಗೆ ಎಚ್ಚರವಾದದ್ದು ಒಂದು ವಾಸನೆಗೆ. ರೊಟ್ಟಿ ಸುಡುವ ವಾಸನೆಯ ಹಾಗಿತ್ತು, ಆದರೆ ರೊಟ್ಟಿಯದಲ್ಲ. ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಂತೆ ಶುಚಿಯಾದ, ಸ್ವಲ್ಪ ಮೇಣ ಬೆರೆತ ವಾಸನೆ. ಅಡುಗೆಮನೆಗೆ ಹೋಗಿ ನೋಡಿದರೆ ಅತ್ತೆ ಇದ್ದಿಲ ಒಲೆಯ ಮುಂದೆ ಕುಳಿತು, ಉದ್ದ ಹಿಡಿಯ ಕಬ್ಬಿಣದ ಇಕ್ಕಳವೊಂದನ್ನು ಕೆಂಡದ ಮೇಲೆ ತಿರುವಿ ಹಾಕುತ್ತಿದ್ದರು. ಅದರ ತುದಿಯಲ್ಲಿ ಎರಡು ಚಪ್ಪಟೆ ತಟ್ಟೆಗಳು, ಪುಸ್ತಕದ ಹಾಗೆ ತೆರೆದು ಮುಚ್ಚುವಂಥವು.

"ಮುಖ ತೊಳ್ಕೊಂಡು ಬಾ. ತಲೆಗೆ ಬಟ್ಟೆ ಕಟ್ಕೋ. ಮಾತಾಡಬೇಡ," ಎಂದರು.

ಮದುವೆಯಾಗಿ ಬಂದವಳಿಗೆ ಅತ್ತೆ ಕೊಟ್ಟ ಮೊದಲ ಅಪ್ಪಣೆಯೇ ಮಾತಾಡಬೇಡ ಎಂದಾಯಿತಲ್ಲ, ಇನ್ನು ನನ್ನ ಗತಿ ಏನು ಅಂದುಕೊಂಡೆ. ಆಮೇಲೆ ತಿಳಿಯಿತು, ಆ ಒಲೆಯ ಮುಂದೆ ಅವರೂ ಬಾಯಿ ಬಿಡುತ್ತಿರಲಿಲ್ಲ. ಹಿಟ್ಟಿಗೆ ಎಂಜಲು ಹಾರಬಾರದು, ಅಷ್ಟೇ ಕಾರಣ. ಒಲೆ ಆರಿದ ಮೇಲೆ ಅವರ ಬಾಯಿಗೆ ಬೀಗವಿರಲಿಲ್ಲ.

ಅತ್ತೆ ಚರ್ಚಿನ ಪೂಜೆಗೆ ಓಸ್ತಿ ಮಾಡುತ್ತಿದ್ದರು. ಬೀದಿಗೆಲ್ಲ ಅವರು ಓಸ್ತಿಯಮ್ಮ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಓಸ್ತಿ ಅಂದರೆ ಕಾಗದದಷ್ಟು ತೆಳ್ಳಗಿನ ಬಿಳಿಯ ದುಂಡು ಬಿಲ್ಲೆ. ಗೋಧಿ ಹಿಟ್ಟು ಮತ್ತು ನೀರು, ಬೇರೇನಿಲ್ಲ. ಉಪ್ಪಿಲ್ಲ, ಸಕ್ಕರೆಯಿಲ್ಲ, ಹುಳಿ ಬರಿಸುವ ಹಾಗೂ ಇಲ್ಲ. ಪೂಜೆಯಲ್ಲಿ ಗುರುಗಳು ಯೇಸುಸ್ವಾಮಿ ಕಡೆಯ ಭೋಜನದಲ್ಲಿ ಆಡಿದ ಮಾತುಗಳನ್ನು ಹೇಳಿ ಅದನ್ನು ಎತ್ತಿ ಹಿಡಿದಾಗ, ಅದು ಇನ್ನು ರೊಟ್ಟಿಯಲ್ಲ, ಅವರ ಶರೀರವೇ ಎಂಬುದು ನಮ್ಮ ನಂಬಿಕೆ. ಆಗ ಅದು ಪರಮಪ್ರಸಾದ. ಅಲ್ಲಿಯವರೆಗೆ ಬರೀ ಅತ್ತೆಯ ಕೈಯ ಹಿಟ್ಟು. "ಬಾಗಿಲ ತನಕ ನನ್ನ ಕೆಲಸ. ಒಳಗಿನದು ಅವನ ಕೆಲಸ," ಎನ್ನುತ್ತಿದ್ದರು.

ಆ ಬಾಗಿಲ ತನಕದ ಕೆಲಸವೇನೂ ಸಣ್ಣದಲ್ಲ. ಹಿಟ್ಟು ತಣ್ಣೀರಿನಲ್ಲಿ ಗಂಟಿಲ್ಲದೆ, ಕೆನೆಯಷ್ಟು ತೆಳ್ಳಗೆ ಆಗಬೇಕು. ಕಾದ ತಟ್ಟೆಗೆ ಜೇನುಮೇಣದ ತುಂಡನ್ನು ಒಮ್ಮೆ ಸವರಿ, ಒಂದು ಚಮಚ ಹಿಟ್ಟು ಸುರಿದು, ಮುಚ್ಚಿ ಅದುಮಿದರೆ ಸುಯ್ ಎಂದು ಆವಿ ಹಾರುತ್ತಿತ್ತು. ಅಂಚಿನಲ್ಲಿ ಉಕ್ಕಿದ್ದನ್ನು ಚಾಕುವಿನಿಂದ ಹೆರೆದು, ಇಕ್ಕಳ ಮಗುಚಿ, ತೆರೆದರೆ ಶಿಲುಬೆಯ ಗುರುತು ಮೂಡಿದ ಹಾಳೆ. ಗರಿಗರಿಯಾಗಿದ್ದಾಗ ಕತ್ತರಿಸಿದರೆ ಪುಡಿಯಾಗುತ್ತದೆಂದು ಹಾಳೆಗಳನ್ನು ಒದ್ದೆ ಬಟ್ಟೆಯ ಮಡಿಕೆಗಳ ನಡುವೆ ಇಟ್ಟು, ಮೆತ್ತಗಾದ ಮೇಲೆ ಕೊಳವೆಯಂಥ ಅಚ್ಚಿನಿಂದ ಒಂದೊಂದೇ ಬಿಲ್ಲೆ ಒತ್ತಿ ತೆಗೆಯುತ್ತಿದ್ದರು. ಉಳಿದ ಚೂರುಗಳು ಬೀದಿಯ ಮಕ್ಕಳ ಪಾಲು. ರುಚಿ ಎಂಬುದೇ ಇಲ್ಲದ ಚೂರು, ನಾಲಿಗೆಗೆ ಅಂಟಿಕೊಂಡು ಕರಗಿಹೋಗುತ್ತದೆ ಅಷ್ಟೇ. ಆದರೂ ನನ್ನ ಮಕ್ಕಳು, ಈಗ ತಲೆ ನರೆತವರು, ಬಂದಾಗ ಅಡುಗೆಮನೆಯಲ್ಲಿ ಚೂರು ಇಡುವ ಮೂಲೆಗೆ ಕೈ ಹಾಕದೆ ಹೋಗುವುದಿಲ್ಲ.

ಮಾವ ವೆಲ್ಡಿಂಗ್ ಕೆಲಸದವರು. ಮನೆಯ ಮುಂಭಾಗದಲ್ಲೇ ಅವರ ಅಂಗಡಿ. ಕಿಟಕಿಯ ಸರಳು, ಮೆಟ್ಟಿಲ ಕಟಕಟೆ, ನೀರಿನ ತೊಟ್ಟಿಯ ಮುಚ್ಚಳ, ಏನು ಬೇಕಾದರೂ ಮಾಡುತ್ತಿದ್ದರು. ಮುಂದೆ ಕಿಡಿ, ಹಿಂದೆ ಕೆಂಡ, ನಡುವಿನ ಕೋಣೆಯಲ್ಲಿ ನಮ್ಮ ಸಂಸಾರ. ಅತ್ತೆಯ ಇಕ್ಕಳದ ಕೀಲು ಸಡಿಲವಾದಾಗಲೆಲ್ಲ ಬಿಗಿ ಮಾಡಿಕೊಡುತ್ತಿದ್ದವರು ಅವರೇ. ಕೊಡುವಾಗ ಒಂದು ಮಾತು ಸೇರಿಸದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

"ತಗೋ, ನಿನ್ನ ಬಿಸ್ಕತ್ತು ಫ್ಯಾಕ್ಟರಿ ಮತ್ತೆ ಶುರು ಮಾಡು."

"ಫ್ಯಾಕ್ಟರಿಯ ಗಿರಾಕಿ ಯಾರು ಅಂತ ನೆನಪಿಟ್ಕೊಂಡು ಮಾತಾಡ್ರೀ."

"ಗಿರಾಕಿ ಒಳ್ಳೆಯವನೇ ಕಣೇ. ಅವನ ಮ್ಯಾನೇಜರ್ ಸರಿಯಿಲ್ಲ."

ಮ್ಯಾನೇಜರ್ ಅಂದರೆ ಹಿಂದೆ ಇದ್ದ ಒಬ್ಬ ಗುರುಗಳು. ಅದು ನಾನು ಬರುವುದಕ್ಕೆ ಮುಂಚಿನ ಮಾತು. ಚರ್ಚಿನ ದೊಡ್ಡ ಗೇಟು ಮಾಡಿಕೊಟ್ಟದ್ದು ಮಾವ. ಒಂದು ಮಳೆಗಾಲದಲ್ಲಿ ಕಂಬ ನೆಲಕ್ಕೆ ಇಳಿದು ಗೇಟು ವಾಲಿತು. ಆ ಭಾನುವಾರ ಗುರುಗಳು ಎಲ್ಲರೆದುರು, ಮೇಸ್ತ್ರಿಯ ಮನಸ್ಸು ನೆಟ್ಟಗಿದ್ದಿದ್ದರೆ ಗೇಟೂ ನೆಟ್ಟಗಿರುತ್ತಿತ್ತು ಅಂದುಬಿಟ್ಟರು. ಜನ ನಕ್ಕರು. ತಮಾಷೆಗೇ ಅಂದದ್ದಿರಬೇಕು. ಮಾವ ಎದ್ದು ಹೊರಗೆ ಹೋದವರು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಆ ಗುರುಗಳು ವರ್ಗವಾದರು, ಅವರ ನಂತರ ಬಂದವರೂ ವರ್ಗವಾದರು, ಮಾವನ ಕೋಪ ಮಾತ್ರ ವರ್ಗವಾಗಲಿಲ್ಲ.

ಹಾಗಂತ ಭಾನುವಾರ ಮನೆಯಲ್ಲೂ ಕೂರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಶರಟು ಹಾಕಿ, ಕ್ರಾಪು ಬಾಚಿ, ಅತ್ತೆಯ ಜೊತೆ ಗೇಟಿನವರೆಗೆ ಬರುತ್ತಿದ್ದರು. ನಾವು ಒಳಗೆ, ಅವರು ಎದುರಿನ ಚಪ್ಪಲಿ ರಿಪೇರಿಯವನ ಬೆಂಚಿನ ಮೇಲೆ. ಹಾಡು ಕೇಳಿಸುವಷ್ಟು ಹತ್ತಿರ, ಉಪದೇಶ ಕೇಳಿಸದಷ್ಟು ದೂರ. ಮನೆಗೆ ಮರಳುವಾಗ ಅವರಿಬ್ಬರು ಮುಂದೆ, ನಾನು ಹಿಂದೆ. ನನಗೆ ಓದು ಬರಹ ಅಷ್ಟಕ್ಕಷ್ಟೇ. ಶಾಸ್ತ್ರ ಅಂತ ನನಗೇನಾದರೂ ಗೊತ್ತಿದ್ದರೆ ಅದರಲ್ಲಿ ಅರ್ಧ ಆ ದಾರಿಯಲ್ಲಿ ಹಿಂದಿನಿಂದ ಕೇಳಿಸಿಕೊಂಡದ್ದು.

"ಇವತ್ತು ಏನು ಓದಿದ್ರು?" ಎಂದು ಮಾವ ಶುರು ಮಾಡುತ್ತಿದ್ದರು.

"ಐದು ರೊಟ್ಟಿ, ಎರಡು ಮೀನು. ಅಷ್ಟೊಂದು ಜನ ತಿಂದು ಮಿಕ್ತು."

"ಎಲ್ಲಿ ಕೂತಿದ್ರು ಆ ಜನ?"

"ಬಯಲಲ್ಲಿ, ಹುಲ್ಲಿನ ಮೇಲೆ."

"ನೋಡು ಮತ್ತೆ. ಗೇಟೇ ಇರಲಿಲ್ಲ."

"ಇಲ್ಲಿ ಗೇಟು ಮಾಡಿದೋರು ಯಾರ್ರೀ? ನೀವೇ ತಾನೆ?"

ಇನ್ನೊಂದು ಭಾನುವಾರ ಅತ್ತೆ ಹೇಳಿದ್ದು ತಂದೆ ಮತ್ತು ಇಬ್ಬರು ಮಕ್ಕಳ ಕಥೆ. ಕಿರಿಯವನು ಆಸ್ತಿ ಹಾಳು ಮಾಡಿ ತಿರುಗಿ ಬಂದ, ಅಪ್ಪ ಔತಣ ಮಾಡಿದ, ದೊಡ್ಡ ಮಗ ಮುನಿಸಿಕೊಂಡು ಹೊರಗೇ ನಿಂತ, ಅಪ್ಪ ತಾನೇ ಹೊರಗೆ ಬಂದು ಅವನನ್ನು ಕರೆದ.

"ಆಮೇಲೆ? ದೊಡ್ಡವನು ಒಳಗೆ ಹೋದ್ನಾ?"

"ಅದು ಬರೆದಿಲ್ಲ."

"ಬರೆದಿಲ್ಲ ಅಂದ್ರೆ?"

"ಅಲ್ಲಿಗೇ ನಿಲ್ಲುತ್ತೆ ರೀ. ಅಪ್ಪ ಕರೀತಾ ಇದ್ದಾನೆ, ಇವನು ನಿಂತಿದ್ದಾನೆ."

ಮನೆ ಬರುವ ತನಕ ಮಾವನ ಚಪ್ಪಲಿಯ ಸದ್ದಷ್ಟೇ ಕೇಳುತ್ತಿತ್ತು.

ಆ ಹೊತ್ತಿಗೆ ನಮ್ಮ ಚರ್ಚಿಗೆ ಹೊಸ ಗುರುಗಳು ಬಂದಿದ್ದರು. ನಾವು ಸ್ವಾಮಿ ಅನ್ನುತ್ತಿದ್ದೆವು. ನನ್ನ ಗಂಡನ ವಾರಿಗೆಯವರು, ಏನು ಕೇಳಿದರೂ ಥಟ್ಟನೆ ಹೇಳದೆ, ಕನ್ನಡಕ ತೆಗೆದು ಒರೆಸಿ ಯೋಚಿಸುವವರು. ಪೂಜೆಯಾದ ಮೇಲೆ ದೊಡ್ಡವರಿಗೂ ಧರ್ಮಪಾಠ ಶುರು ಮಾಡಿದರು. ಚರ್ಚಿನ ಪಕ್ಕದ ಶಾಲೆಯ ಕೋಣೆಯಲ್ಲಿ, ಒಂದನೇ ಕ್ಲಾಸಿನ ಬೆಂಚುಗಳಲ್ಲಿ, ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತಿದ್ದೆವು. ಉಳಿದವರು ಆಕಳಿಸುತ್ತಿದ್ದರೆ ಅತ್ತೆ ಕೈ ಎತ್ತುತ್ತಿದ್ದರು.

"ಸ್ವಾಮಿ, ಗೋಧೀನೇ ಯಾಕೆ? ಕಡೇ ಭೋಜನದಲ್ಲಿ ರೊಟ್ಟಿ ತಗೊಂಡ್ರು ಅಂತಷ್ಟೇ ಓದ್ತೀರಿ. ಯಾವ ಹಿಟ್ಟಿನದು ಅಂತ ಹೇಳೋದೇ ಇಲ್ಲ. ಹಿಟ್ಟು ಕಲಸೋಳಿಗೆ ಗೊತ್ತಿರಬೇಕಲ್ವಾ?"

ಸ್ವಾಮಿ ಕನ್ನಡಕ ಒರೆಸಿದರು. "ನಿಜ ಅಮ್ಮ, ಬರೆದಿಲ್ಲ. ಐದು ರೊಟ್ಟಿ ಇತ್ತಲ್ಲ, ಅದು ಬಾರ್ಲಿಯದು ಅಂತ ಶುಭಸಂದೇಶದಲ್ಲಿ ಯೊವಾನ್ನರು ಬರೆದಿದ್ದಾರೆ, ಬಡವರ ರೊಟ್ಟಿ. ಕಡೇ ಭೋಜನದ್ದು ಯಾರೂ ಬರೆದಿಲ್ಲ. ಆದ್ರೆ ಆ ಮೇಜಿನ ಸುತ್ತ ಕೂತು ತಿಂದವರು ಇದ್ರಲ್ಲ. ಅವರು ಮಾಡಿದ್ದನ್ನ ನೋಡಿ ಅವರ ಶಿಷ್ಯರು ಮಾಡಿದ್ರು, ಅವರನ್ನ ನೋಡಿ ಮುಂದಿನವರು. ಹಾಗೆ ಗೋಧಿ ನಮ್ಮ ತನಕ ಬಂತು. ಬರೆದದ್ದು ಶಾಸ್ತ್ರ, ಕೈಯಿಂದ ಕೈಗೆ ಬಂದದ್ದು ಸಂಪ್ರದಾಯ. ಎರಡೂ ಒಂದೇ ಬುಗ್ಗೆಯ ನೀರು. ನಿಮಗೆ ಓಸ್ತಿ ಮಾಡೋದು ಯಾರು ಕಲಿಸಿದ್ರು?"

"ನಮ್ಮತ್ತೆ."

"ಬರೆದು ಕೊಟ್ಟಿದ್ರಾ?"

"ಅವರಿಗೆಲ್ಲಿ ಬರೆಯೋಕೆ ಬರ್ತಿತ್ತು ಸ್ವಾಮಿ? ಕೈ ಹಿಡಿದು, ಬೈದು ಕಲಿಸಿದ್ರು."

"ಅದೇ ನೋಡಿ ಸಂಪ್ರದಾಯ."

"ಬೈಯೋದೂ ಸೇರಿನಾ?"

ಆಕಳಿಸುತ್ತಿದ್ದವರೆಲ್ಲ ಎಚ್ಚೆತ್ತು ನಕ್ಕರು. ಸ್ವಾಮಿಯೂ ನಕ್ಕರು. ಅತ್ತೆ ಮನೆಗೆ ಬಂದು ಮಾವನಿಗೆ ಇದನ್ನೆಲ್ಲ ಒಪ್ಪಿಸಿದಾಗ ಅವರು, "ಈ ಮ್ಯಾನೇಜರ್ ಪರವಾಗಿಲ್ಲ ಅನ್ನಿಸುತ್ತೆ," ಎಂದರು. ಆದರೆ ಮುಂದಿನ ಭಾನುವಾರವೂ ಬೆಂಚಿನ ಮೇಲೇ ಕೂತರು.

ಮಾವನ ಎದೆಯಲ್ಲಿ ಅಷ್ಟು ವರ್ಷದ ವೆಲ್ಡಿಂಗ್ ಹೊಗೆ ಕೂತಿತ್ತು. ಮೊದಲು ಕೆಮ್ಮು, ಆಮೇಲೆ ಉಬ್ಬಸ, ಕೊನೆಗೆ ಮಂಚ. ಅನ್ನ ಸೇರದಾಯಿತು. ಡಾಕ್ಟರು ತೆಳುವಾದ ಗಂಜಿ ಮಾತ್ರ ಕೊಡಿ ಎಂದರು. ನಯವಾಗಿ ಬೀಸಿದ ಅಕ್ಕಿ ಹಿಟ್ಟು ಡಬ್ಬಿಯೊಂದರಲ್ಲಿ ತುಂಬಿ ಬಂತು.

ಆ ಡಬ್ಬಿಗಳ ವಿಷಯ ಹೇಳಬೇಕು. ಅಡುಗೆಮನೆಯಲ್ಲಿ ಒಲೆಯ ಮೇಲುಗಡೆ ಒಂದು ಹಲಗೆ. ಅದರ ಮೇಲೆ ಓಸ್ತಿಯ ಗೋಧಿ ಹಿಟ್ಟಿನ ಡಬ್ಬಿ. ಗೋಧಿ ಆರಿಸುವುದು, ಗಿರಣಿಯಲ್ಲಿ ಎದುರು ನಿಂತು ಬೀಸಿಸುವುದು, ಜರಡಿಯಲ್ಲಿ ತೌಡು ತೆಗೆದು ಬಿಳುಪಾಗಿಸುವುದು, ಎಲ್ಲ ಅತ್ತೆಯೇ. ಮನೆಯ ಅಡುಗೆಗೆ ಅದರಿಂದ ಚಿಟಿಕೆಯೂ ತೆಗೆಯುವ ಹಾಗಿರಲಿಲ್ಲ. ನಾನು ಆ ಹಲಗೆಯನ್ನು ಒರೆಸುವ ಹಾಗೂ ಇರಲಿಲ್ಲ. ಮಾವ ಮಲಗಿದ ಮೇಲೆ ಅದರ ಪಕ್ಕಕ್ಕೆ ಗಂಜಿಯ ಡಬ್ಬಿ ಬಂದು ಕೂತಿತು. ಎರಡೂ ಮಾವನೇ ತಗಡು ಬೆಸೆದು ಮಾಡಿದ್ದು, ಒಂದೇ ಅಳತೆ, ಒಂದೇ ಮುಚ್ಚಳ. ಎಡಗಡೆಯದು ದೇವರಿಗೆ, ಬಲಗಡೆಯದು ಗಂಡನಿಗೆ.

ಅತ್ತೆ ಆ ದಿನಗಳಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದರು. ನಾನು ಕೂರುತ್ತೇನೆ, ನೀವು ಮಲಗಿ ಎಂದರೆ, "ನೀನು ಮಕ್ಕಳನ್ನ ನೋಡ್ಕೋ," ಎನ್ನುತ್ತಿದ್ದರು. ಓಸ್ತಿಯನ್ನು ಮಾತ್ರ ಬಿಡಲಿಲ್ಲ. ಆ ವಾರವೂ ಒಲೆ ಹೊತ್ತಿಸಿದರು. ಕೈ ಇಕ್ಕಳದ ಮೇಲೆ, ಕಿವಿ ಒಳಕೋಣೆಯ ಕೆಮ್ಮಿನ ಮೇಲೆ. ಹಾಳೆಗಳು ಒತ್ತುವಾಗ ಯಾಕೋ ಪಟಪಟ ಮುರಿದವು. "ಗಾಳಿ ಒಣಗಿದೆ," ಎಂದು ಬಟ್ಟೆಗೆ ಇನ್ನಷ್ಟು ನೀರು ಚಿಮುಕಿಸಿದರು.

ಭಾನುವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮಾವ ಗೋಡೆಯ ಕಡೆಯಿಂದ ಈ ಕಡೆಗೆ ಹೊರಳಿದರು.

"ಇವಳೇ, ನಿಮ್ಮ ಸ್ವಾಮಿನ ಸ್ವಲ್ಪ ಬರಹೇಳು."

ಅತ್ತೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾಕ್ರೀ?"

"ಗೇಟು ರಿಪೇರಿ ವಿಷಯ ಮಾತಾಡ್ಬೇಕಿತ್ತು." ಒಂದಷ್ಟು ಉಸಿರು ಎಳೆದುಕೊಂಡು ಮತ್ತೆ ಹೇಳಿದರು, "ಆ ದೊಡ್ಡ ಮಗ ಎಷ್ಟು ದಿನ ಅಂತ ಹೊರಗೆ ನಿಂತಿರ್ತಾನೆ ಹೇಳು. ಕಾಲು ನೋಯಲ್ವಾ?"

ಸ್ವಾಮಿ ಬಂದರು. ಪಾಪನಿವೇದನೆಗೆ ನಾವೆಲ್ಲ ಹೊರಗೆ ಹೋಗಿ ನಿಂತೆವು. ಬಾಗಿಲು ತೆರೆದಾಗ ಇಬ್ಬರ ಕಣ್ಣೂ ಒದ್ದೆಯಾಗಿದ್ದವು, ಆದರೂ ಮಾವನ ಮುಖದಲ್ಲಿ ಏನೋ ನಗೆ. ಸ್ವಾಮಿ ಮಾವನ ಹಣೆಗೂ ಅಂಗೈಗೂ ಕಾಯಿಲೆಯವರಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿದರು. ಆಮೇಲೆ ಸ್ವಾಮಿ ಪುಟ್ಟ ಬಂಗಾರದ ಬಣ್ಣದ ಭರಣಿಯಿಂದ ಪರಮಪ್ರಸಾದ ತೆಗೆದು ಮಾವನ ನಾಲಿಗೆಯ ಮೇಲೆ ಇಟ್ಟರು. ಅತ್ತೆ ಚಮಚದಲ್ಲಿ ನೀರು ಕೊಟ್ಟರು. ಮಾವ ಕಣ್ಣು ಮುಚ್ಚಿ ನುಂಗಿ, ಆಮೇಲೆ ಅತ್ತೆಯ ಕೈ ಹಿಡಿದು, "ರುಚಿ ಹಾಗೇ ಇದೆ ಕಣೇ, ಒಂಚೂರೂ ಬದಲಾಗಿಲ್ಲ," ಎಂದರು.

ಮಾರನೆಯ ದಿನ ಅವರು ಹೋದರು. ಪೆಟ್ಟಿಗೆ ಹೊತ್ತು ಚರ್ಚಿಗೆ ಹೋದಾಗ ವಾಲಿದ ಗೇಟು ಪೂರ್ತಿ ತೆರೆಯಲಿಲ್ಲ. ಹೊತ್ತವರು ಪೆಟ್ಟಿಗೆಯನ್ನು ಓರೆ ಮಾಡಿ ಒಳಗೆ ದಾಟಿಸಬೇಕಾಯಿತು. ಅಳುತ್ತಿದ್ದ ಅತ್ತೆ, "ನೋಡೇ, ಒಳಗೆ ಹೋಗುವಾಗಲೂ ನೆಟ್ಟಗೆ ಹೋಗಲಿಲ್ಲ," ಎಂದರು. ಆಗ ಅವರ ದುಃಖದಲ್ಲಿ ಒಂದು ನೆಮ್ಮದಿ ಇತ್ತು. ಊಟ ಮಾಡಿಸಿ ಕಳಿಸಿಕೊಟ್ಟವಳ ನೆಮ್ಮದಿ.

ಆ ನೆಮ್ಮದಿ ವಾರವೂ ಉಳಿಯಲಿಲ್ಲ.

ಮುಂದಿನ ಪೂಜೆಗೆ ಓಸ್ತಿ ಬೇಕಿತ್ತು. ಬೆಳಿಗ್ಗೆ ಅತ್ತೆ ಎಡಗಡೆಯ ಡಬ್ಬಿ ಇಳಿಸಿ, ಹಿಟ್ಟು ಕಲಸಿ, ಇಕ್ಕಳ ಕಾಯಲಿ ಎಂದು ಪಾತ್ರೆ ಪಕ್ಕಕ್ಕಿಟ್ಟರು. ಈಗ ಒಳಕೋಣೆಯಿಂದ ಕೆಮ್ಮು ಕೇಳುತ್ತಿರಲಿಲ್ಲ. ಕಣ್ಣು ಪಾತ್ರೆಯ ಮೇಲೆ ಬಿತ್ತು. ಹಿಟ್ಟು ಅಡಿಗೆ ಕೂತಿತ್ತು, ಮೇಲೆ ತಿಳಿನೀರು ನಿಂತಿತ್ತು. ಗೋಧಿ ಹಿಟ್ಟು ಹಾಗೆ ಕೂರುವುದಿಲ್ಲ. ಅತ್ತೆ ಬೆರಳಿನಿಂದ ಅಡಿ ಕೆರೆದು ನಾಲಿಗೆಗೆ ಇಟ್ಟರು. ಎದ್ದು ಬಲಗಡೆಯ ಡಬ್ಬಿ ತೆರೆದು ಅದನ್ನೂ ನಾಲಿಗೆಗೆ ಇಟ್ಟರು. ಆಮೇಲೆ ಕೆಳಗೆ ಕೂತುಬಿಟ್ಟರು. ಒಲೆಯ ಮುಂದೆ ಮಾತಾಡದವರು ಅವತ್ತು ಮಾತಾಡಿದರು.

"ಅದಲು ಬದಲು ಇಟ್ಟಿದ್ದೀನಿ ಕಣೇ. ಹಲಗೆ ಒರೆಸಿ ಅದಲು ಬದಲು ಇಟ್ಟಿದ್ದೀನಿ. ಅವರಿಗೆ ಕೊಟ್ಟಿದ್ದು ಅಕ್ಕಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ನಾನೂ ಪಕ್ಕದಲ್ಲಿ ಕೂತೆ. ಇಕ್ಕಳ ಕೆಂಡದ ಮೇಲೆ ಕಾದು ಕಾದು ಮೇಣ ಹೊಗೆಯಾಡಿತು.

ಹಾಗೇ ಎದ್ದು ಚರ್ಚಿಗೆ ಹೋದೆವು. ಸ್ವಾಮಿ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅತ್ತೆ ನಿಂತಲ್ಲೇ ಎಲ್ಲ ಹೇಳಿದರು. ಸ್ವಾಮಿಯ ಕೈಯಲ್ಲಿದ್ದ ಅಂಗಿ ಮತ್ತೆ ಬಕೆಟ್ಟಿಗೆ ಬಿತ್ತು. "ಪೂಜೆಯಲ್ಲಿ ಓಸ್ತಿ ಮುರಿದಾಗ ಸದ್ದು ಜಾಸ್ತಿ ಬಂತು ಅನ್ನಿಸಿತ್ತು," ಎಂದು ತಮಗೇ ಹೇಳಿಕೊಂಡರು.

"ಸ್ವಾಮಿ, ಗೋಧಿ ಅಂತ ಶಾಸ್ತ್ರದಲ್ಲಿ ಬರೆದಿಲ್ಲ ಅಂತ ನೀವೇ ಹೇಳಿದ್ರಲ್ಲ," ಎಂದರು ಅತ್ತೆ. ಅವರ ದನಿಯಲ್ಲಿ ನಾನು ಅಂಥ ದೈನ್ಯವನ್ನು ಹಿಂದೆಂದೂ ಕೇಳಿರಲಿಲ್ಲ. "ಬರೆದಿಲ್ಲ ಅಂದ ಮೇಲೆ ಆಗಿರಬಹುದಲ್ವಾ?"

ಆಗಿದೆ ಹೋಗಮ್ಮ ಎಂದು ಅವರು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅಳುವ ವಿಧವೆಗೆ ಸುಳ್ಳು ಹೇಳಿದರೆ ಯಾರು ಕೇಳುತ್ತಾರೆ? ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡರು.

"ಇಲ್ಲ ಅಮ್ಮ. ಅಕ್ಕಿಯಿಂದ ಆಗಲ್ಲ."

"ಪರಮಪ್ರಸಾದ ಇಡೋ ಪೀಠದ ಪೆಟ್ಟಿಗೇಲಿ ಹಳೇವು ಇದ್ದವೇನೋ? ಅದರಲ್ಲಿ ಒಂದು ಕೊಟ್ಟಿರಬಹುದು."

"ಆ ಭಾನುವಾರ ಹಳೆಯದನ್ನೆಲ್ಲ ಖಾಲಿ ಮಾಡಿ ಪಾತ್ರೆ ತೊಳೆದು ಹೊಸದು ಇಟ್ಟೆ. ಅವರ ಪಾಪಕ್ಷಮೆ ಆಗಿದೆ. ಎಣ್ಣೆ ಹಚ್ಚಿದ್ದು ಆಗಿದೆ. ಅದರಲ್ಲಿ ಅನುಮಾನವೇ ಬೇಡ."

"ಅದು ಗೊತ್ತು ಸ್ವಾಮಿ. ಪಾಪ ಹೋಯ್ತು, ಸರಿ. ಆದ್ರೆ ಅವರು ಊಟಕ್ಕೆ ಕೂತಿದ್ರು. ಅಷ್ಟು ವರ್ಷ ಹೊರಗೆ ಬೆಂಚಿನ ಮೇಲೆ ಕೂತೋರು ಒಂದೇ ಒಂದು ದಿನ ಎಲೆ ಮುಂದೆ ಕೂತ್ರು. ಅವತ್ತು ನಾನು ಬೇರೆ ಡಬ್ಬಿಯದನ್ನ ಬಡಿಸಿದೆ. ಬದುಕಿರೋರಿಗೆ ಮುಂದಿನ ಭಾನುವಾರ ಇದೆ. ಅವರಿಗೆ?"

ಸ್ವಾಮಿ ಕನ್ನಡಕ ಹಾಕಿಕೊಂಡರು. "ನಾನು ಮನೆಗೆ ಬರ್ತೀನಿ ಅಮ್ಮ," ಎಂದಷ್ಟೇ ಹೇಳಿದರು.

ಭಾನುವಾರ ಅವರು ಪೀಠದಿಂದ, ಓಸ್ತಿಯಲ್ಲಿ ಒಂದು ತಪ್ಪಾಗಿತ್ತು, ಆ ಪೂಜೆಗಳನ್ನು ಮತ್ತೆ ಅರ್ಪಿಸುತ್ತೇನೆ, ಯಾರೂ ಯಾರನ್ನೂ ದೂರಬೇಡಿ ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಓಸ್ತಿ ಮಾಡುವವರು ಇನ್ಯಾರಿದ್ದರು? ನಲ್ಲಿಯ ಹತ್ತಿರ ಹಾಡಿನ ಗುಂಪಿನ ಮುಂದಾಳು ಹೆಂಗಸು ಕೊಡ ತುಂಬಿಸುತ್ತ, "ನಮ್ಮನ್ನೆಲ್ಲ ಸೇರಿಸಿ ಉಪವಾಸ ಕೆಡವಿದ್ಲಲ್ಲ ಮಹಾರಾಯ್ತಿ," ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಅವಳು ಹೇಳಿದ್ದರಲ್ಲಿ ಏನು ಸುಳ್ಳಿದೆ? ಕೊಡ ಎತ್ತು," ಎಂದರು. ಇಕ್ಕಳವನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಓಸ್ತಿ ದೂರದ ಕನ್ಯಾಮಠದಿಂದ ಡಬ್ಬದಲ್ಲಿ ಬರತೊಡಗಿತು. ಬೆಳಗಿನ ಆ ವಾಸನೆಯಿಲ್ಲದ ಮನೆಯಲ್ಲಿ ಬೆಳಗಾದದ್ದೇ ಗೊತ್ತಾಗುತ್ತಿರಲಿಲ್ಲ.

ಸ್ವಾಮಿ ಬಂದದ್ದು ಒಂದು ಸಂಜೆ. ಅಡುಗೆಮನೆಯಲ್ಲೇ ಮಣೆಯ ಮೇಲೆ ಕೂತರು. ಅತ್ತೆ ಹೊಸ್ತಿಲ ಹತ್ತಿರ ಗೋಡೆಗೊರಗಿದರು. ನಾನು ಕಾಳು ಆರಿಸುತ್ತಿದ್ದೆ.

"ಅಮ್ಮ, ಯೇಸುಸ್ವಾಮಿಯ ಪಕ್ಕದಲ್ಲಿ ಶಿಲುಬೆಗೆ ಹಾಕಿದ ಕಳ್ಳ ಇದ್ದನಲ್ಲ, ಅವನಿಗೆ ಪರಮಪ್ರಸಾದ ಯಾರು ಕೊಟ್ರು?"

"ಯಾರೂ ಇಲ್ಲ."

"ಜ್ಞಾನಸ್ನಾನ?"

"ಅದೂ ಇಲ್ಲ. ನನ್ನನ್ನ ನೆನಪಿಟ್ಕೋ ಅಂತ ಕೇಳಿದ, ಇವತ್ತೇ ನನ್ನ ಜೊತೆ ಇರ್ತೀಯ ಅಂದ್ರು."

"ಇದು ಶಾಸ್ತ್ರ. ಈಗ ಕೈಯಿಂದ ಕೈಗೆ ಬಂದದ್ದನ್ನ ಕೇಳಿ. ಧರ್ಮಸಭೆಯ ಮೊದಲ ಕಾಲದಲ್ಲಿ ಜ್ಞಾನಸ್ನಾನಕ್ಕೆ ಕಾಯ್ತಿದ್ದವರನ್ನ ಹಿಡಿದು ಕೊಂದುಬಿಟ್ರು. ತಲೆಗೆ ನೀರು ಬೀಳೋ ಮುಂಚೆ ತಲೆಯೇ ಬಿತ್ತು. ಅವರ ಕಥೆ ಏನು ಅಂತ ಜನ ಕೇಳಿದ್ರು. ಅವರು ಅದಕ್ಕೆ ಹಾತೊರೆದಿದ್ರು, ಆ ಫಲ ಅವರಿಗೆ ಸಿಕ್ಕಿದೆ ಅಂತ ಸಭೆ ಹೇಳಿತು. ಪರಮಪ್ರಸಾದಕ್ಕೂ ಅದೇ ಮಾತು. ನಿಜವಾಗಿ ಆಸೆಪಟ್ಟು, ತನ್ನ ತಪ್ಪಿಲ್ಲದೆ ಸಿಗದೆ ಹೋದವನನ್ನ ದೇವರು ಹಸಿದು ಕಳಿಸಲ್ಲ. ಸಂಸ್ಕಾರಗಳ ಕಟ್ಟಳೆ ನಮಗೆ. ಕಟ್ಟಳೆ ಹಾಕಿದವನು ಅದಕ್ಕೆ ಕಟ್ಟುಬಿದ್ದಿಲ್ಲ."

ಅತ್ತೆ ತಲೆ ಎತ್ತಿ ಸ್ವಾಮಿಯನ್ನು ನೋಡಿದರು. "ಇದು ನನ್ನ ಸಮಾಧಾನಕ್ಕೆ ಹೇಳೋದಲ್ಲ ತಾನೆ?"

"ಸಮಾಧಾನಕ್ಕೆ ಹೇಳೋದಾಗಿದ್ರೆ ಅವತ್ತು ಹಿತ್ತಲಲ್ಲೇ ಹೇಳ್ತಿದ್ದೆ. ಅಕ್ಕಿಯಿಂದ ಆಗಲ್ಲ ಅಂತ ಹೇಳಿದ್ದು ಯಾವ ಸಂಪ್ರದಾಯವೋ, ಇದನ್ನ ಹೇಳೋದೂ ಅದೇ. ಆ ಮಾತು ನಂಬಿ ಅತ್ತಿರಿ. ಈ ಮಾತನ್ನೂ ನಂಬಬೇಕಾಗುತ್ತೆ."

"ಹಾಗಾದ್ರೆ ಆಸೆ ಒಂದೇ ಸಾಕು ಅಂದ್ರೆ, ನಾನ್ಯಾಕೆ ಅಷ್ಟು ವರ್ಷ ಒಲೆ ಊದಬೇಕಿತ್ತು?"

"ಸಿಗೋ ಹಾಗಿದ್ದಾಗ ಎದ್ದು ಹೋಗದೆ ಇದ್ರೆ ಅದು ಆಸೆ ಅಲ್ಲ ಅಮ್ಮ, ಸೋಮಾರಿತನ."

ನನಗೆ ಅಲ್ಲಿಯವರೆಗೆ ಹೊಳೆಯದ ಒಂದು ವಿಷಯ ಆಗ ಹೊಳೆದು ಬಾಯಿಂದ ಬಿದ್ದೇ ಹೋಯಿತು. "ಅತ್ತೆ, ಡಬ್ಬಿ ಅದಲು ಬದಲು ಅಂದ ಮೇಲೆ, ಮಾವ ಕಡೇ ದಿನಗಳಲ್ಲಿ ಕುಡಿದ ಗಂಜಿಯೆಲ್ಲ ಓಸ್ತಿಯ ಗೋಧಿಯದು."

ಅತ್ತೆ ನನ್ನನ್ನು ನೋಡಿದರು. ತುಟಿ ಅದುರಿತು. ಅಳುತ್ತಾರೆ ಅಂದುಕೊಂಡೆ. ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. "ಅಯ್ಯೋ! ಅದಕ್ಕೇ ಗಂಜಿ ಅಂಟು ಅಂಟು ಅಂತಿದ್ರು! ನನ್ನ ಫ್ಯಾಕ್ಟರಿ ಮಾಲನ್ನೆಲ್ಲ ಖಾಲಿ ಮಾಡಿ ಹೋದ್ರಲ್ಲ!"

"ಅದು ಬರೀ ಗಂಜಿನೇ ಅಮ್ಮ," ಎಂದರು ಸ್ವಾಮಿ ಗಾಬರಿಯಾಗಿ.

"ಗೊತ್ತು ಸ್ವಾಮಿ. ನಗೋದಕ್ಕಾದ್ರೂ ಬಿಡಿ."

ಅದಾದ ಕೆಲವು ದಿನಗಳಿಗೆ ಇಕ್ಕಳ ಅಟ್ಟದಿಂದ ಇಳಿಯಿತು. ಗೋಧಿಯ ಡಬ್ಬಿಯ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿದರು. ಇನ್ನೊಂದು ಡಬ್ಬಿ ನಡುವಿನ ಕೋಣೆಗೆ ಹೋಗಿ ಗುಂಡಿ ಸೂಜಿ ತುಂಬಿಕೊಂಡಿತು. ಈ ಸಲ ನನ್ನನ್ನೂ ಒಲೆಯ ಮುಂದೆ ಕೂರಿಸಿಕೊಂಡು ಕಲಿಸಿದರು, ಬೈಗುಳ ಸಮೇತ. ಆದರೆ ಅವರು ಪೂರ್ತಿ ನೆಮ್ಮದಿಯಾಗಿದ್ದರು ಎಂದು ನಾನು ಹೇಳಲಾರೆ. ಬಿಲ್ಲೆಗಳನ್ನು ಎಣಿಸಿ ಇಡುವಾಗ ಕೆಲವೊಮ್ಮೆ ಒಂದನ್ನು ಬೆಳಕಿಗೆ ಹಿಡಿದು, "ತಲೆ ಒಪ್ಪಿದೆ ಕಣೇ, ಕೈ ಇನ್ನೂ ಒಪ್ಪಿಲ್ಲ," ಎನ್ನುತ್ತಿದ್ದರು. ಯಾವುದರ ಮಾತು ಎಂದು ನಾನು ಕೇಳುತ್ತಿರಲಿಲ್ಲ.

ವರ್ಷಗಳು ಕಳೆದವು. ಸ್ವಾಮಿ ಬೇರೆ ಕಡೆಗೆ ವರ್ಗವಾದರು. ಅತ್ತೆಯ ಕೈ ನಡುಗತೊಡಗಿ ಒಲೆ ನನ್ನದಾಯಿತು. ಕಡೆಗೆ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಕುಡಿದ ನೀರೂ ಒಳಗೆ ನಿಲ್ಲುತ್ತಿರಲಿಲ್ಲ. ಸುದ್ದಿ ಕೇಳಿ ಸ್ವಾಮಿಯೇ ಬಂದರು, ಕೂದಲೆಲ್ಲ ಬೆಳ್ಳಗಾಗಿತ್ತು, ಕನ್ನಡಕ ದಪ್ಪವಾಗಿತ್ತು. ಪಾಪನಿವೇದನೆಯಾಯಿತು, ಎಣ್ಣೆ ಹಚ್ಚಿದ್ದಾಯಿತು. ಭರಣಿ ತೆರೆದಾಗ ಅತ್ತೆ ತಲೆ ಎತ್ತಿ ಒಳಗೆ ಇಣುಕಿದರು.

"ಯಾರು ಮಾಡಿದ್ದು?"

"ನಾನೇ ಅತ್ತೆ."

"ಯಾವ ಡಬ್ಬಿ?"

"ಕೆಂಪು ಬಟ್ಟೆ ಕಟ್ಟಿದ್ದು."

"ಹಾಂ." ತಲೆದಿಂಬಿಗೆ ಒರಗಿ, ಸ್ವಾಮಿಯತ್ತ ಕೈ ಅಡ್ಡ ಮಾಡಿದರು. "ಬೇಡ ಸ್ವಾಮಿ. ಒಳಗೆ ನಿಲ್ಲಲ್ಲ. ಕಕ್ಕಿಬಿಡ್ತೀನಿ."

"ಒಂದು ಚೂರು ಕೊಡ್ಲಾ ಅಮ್ಮ? ಸಾಸಿವೆಯಷ್ಟು?"

"ಎಷ್ಟು ಚಿಕ್ಕ ಚೂರಲ್ಲೂ ಪೂರ್ತಿ ಅವನೇ ಇರ್ತಾನೆ ಅಂತ ನೀವೇ ಪಾಠ ಮಾಡಿದ್ರಲ್ಲ. ಆ ಚೂರು ಚರಿಗೆಗೆ ಬಿದ್ರೆ?"

ಸ್ವಾಮಿಯ ಕೈ ಕೆಳಗಿಳಿಯಿತು. ಊರಿಗೆಲ್ಲ ಓಸ್ತಿ ಮಾಡಿದವರು ಬರಿ ಬಾಯಲ್ಲಿ ಹೋಗಬೇಕೇ? ಆದರೆ ಅತ್ತೆಯ ಮುಖದಲ್ಲಿ ದುಃಖವಿರಲಿಲ್ಲ. ಗಂಟು ಬಿಚ್ಚಿದ ಹಗ್ಗದ ಹಾಗೆ ಅದು ಸಡಿಲವಾಗಿತ್ತು.

"ಆಸೆ ಇದೆ ಸ್ವಾಮಿ, ತುಂಬಾ ಇದೆ," ಎಂದರು. "ನಮ್ಮನೆಯವರಿಗೆ ದೇವರು ಹೇಗೆ ಕೊಟ್ಟನೋ ನನಗೂ ಹಾಗೇ ಕೊಡಲಿ. ಅವರಿಗೆ ಸಾಕಾಗಿದ್ದು ನನಗೆ ಸಾಲದಾ?"

ಸ್ವಾಮಿ ಪರಮಪ್ರಸಾದವನ್ನು ಎತ್ತಿ ಹಿಡಿದರು. ಅತ್ತೆ ಅದನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಅಷ್ಟು ವರ್ಷದ ರೂಢಿಯಂತೆ ಬಾಯಿ ಸ್ವಲ್ಪ ತೆರೆದು, ನಾಲಿಗೆ ಒಂದಿಷ್ಟು ಮುಂದೆ ಚಾಚಿ, ಮತ್ತೆ ಮುಚ್ಚಿದರು. ಗಂಟಲು ಒಮ್ಮೆ ಆಡಿದ್ದನ್ನು ನಾನು ಕಂಡೆ. ಆ ಮಧ್ಯಾಹ್ನ ಅವರಿಗೆ ಒಂದು ಸಲವೂ ವಾಂತಿಯಾಗಲಿಲ್ಲ, ಆದರೆ ಅದಕ್ಕೆ ನಾನು ಯಾವ ಅರ್ಥವನ್ನೂ ಕಟ್ಟುವುದಿಲ್ಲ. ಸಂಜೆ ಹೊತ್ತಿಗೆ ನನ್ನನ್ನು ಕರೆದು, "ಕೈಯೂ ಒಪ್ಪಿತು ಕಣೇ," ಎಂದರು.

ಗೇಟು ನೆಟ್ಟಗೆ ಮಾಡುತ್ತೇನೆಂದು ನನ್ನ ಗಂಡ ಎಷ್ಟೋ ಸಲ ಹೊರಟಿದ್ದರು. ಅತ್ತೆ ಬಿಟ್ಟಿರಲಿಲ್ಲ, "ಅದು ಅವರ ಕೈಯದು, ಹಾಗೇ ಇರಲಿ," ಎನ್ನುತ್ತಿದ್ದರು. ಅವರ ಪೆಟ್ಟಿಗೆ ಹೊತ್ತು ಚರ್ಚಿಗೆ ಹೋದ ದಿನವೂ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಹೊತ್ತವರು ಯಾರೂ ಕೇಳಲಿಲ್ಲ, ಯಾರಿಗೂ ಹೇಳಿಕೊಡಬೇಕಾಗಲೂ ಇಲ್ಲ. ಪೆಟ್ಟಿಗೆಯನ್ನು ತಾವಾಗಿಯೇ ಓರೆ ಮಾಡಿ, ಅವರನ್ನೂ ಒಳಗೆ ಕರೆದುಕೊಂಡು ಹೋದರು.